ನರಕಕ್ಕೆ ಒಯ್ದ ನೀರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಸಲದ್ದು ಮೂಗಿನ ತುದಿಯ ಸಿಟ್ಟಲ್ಲ, ಹೊಟ್ಟೆಯೊಳಗಿನದು. ಮೇ ತಿಂಗಳಲ್ಲಿ ಹತ್ತಿಕೊಂಡಿದ್ದು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ. ತೀರಿಹೋದ ನನ್ನ ಅತ್ತೆ ನರಕದ ಬೆಂಕಿಯಲ್ಲಿ ಬೇಯುತ್ತಿದ್ದಾಳೆ ಎಂದು ನನ್ನ ಎಂಟು ವರ್ಷದ ಮಗಳಿಗೆ ಪಾಠ ಹೇಳಿದರು. ಬೇರೆ ಯಾರೋ ಹೇಳಿದ್ದರೆ ಬಾಯಿಗೆ ಬಂದಂತೆ ಬೈದು ಮರೆತುಬಿಡುತ್ತಿದ್ದೆ. ಹೇಳಿದವರು ನಮ್ಮವರೇ, ವಾರವಾರ ನಾನು ಕೈಮುಗಿದು ಕೂರುವ ಸಭೆಯವರೇ.

ನಾನು ಸೀಮಾ, ಮೊರಬದ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಊರಿಗೆಲ್ಲ ಅಕ್ಕಾರ. ನನ್ನ ತವರಿನವರು ನಾಲ್ಕು ತಲೆಮಾರಿನಿಂದ ಕ್ರೈಸ್ತರು. ಅಪ್ಪ ಹುಬ್ಬಳ್ಳಿಯಲ್ಲಿ ಚರ್ಚಿನ ಸಭೆಯ ಉಪದೇಶಿಯಾಗಿದ್ದ. ಸೈಕಲ್ಲಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ ಪ್ರಾರ್ಥನೆ ಮಾಡಿಸಿ ಬರುತ್ತಿದ್ದ. ಹನ್ನೆರಡು ವರ್ಷದ ಹಿಂದೆ ನಾನು ಈರೇಶನನ್ನು ಮದುವೆಯಾಗಿ ಮೊರಬಕ್ಕೆ ಬಂದೆ. ಅವರದು ಲಿಂಗವಂತರ ಮನೆತನ. ಬೆಳಿಗ್ಗೆ ಲಿಂಗಪೂಜೆ ಆಗದೆ ಆ ಮನೆಯಲ್ಲಿ ಯಾರ ಬಾಯಿಗೂ ಚಹಾ ಬೀಳುವುದಿಲ್ಲ.

ನಾನು ಬಂದ ದಿನ ಬೀಗರು ನೆಂಟರು ಪಡಸಾಲೆಯ ತುಂಬ ಕೂತಿದ್ದರು. ನೀರಿನ ತಂಬಿಗೆ ಹಿಡಿದು ಹೋದರೆ ಒಬ್ಬರೂ ಕೈಚಾಚಲಿಲ್ಲ. ಆಗ ನನ್ನ ಅತ್ತೆ ಮಹಾದೇವಕ್ಕ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನನ್ನ ಸೊಸಿ ಕೈಲೆ ನೀರು ಕುಡೀಲಾರದವ್ರು ನನ್ನ ಕೈಲೆ ರೊಟ್ಟೀನೂ ತಿನಬ್ಯಾಡ್ರಿ," ಎಂದಳು. ಅಷ್ಟೇ ಮಾತು. ಹೊಟ್ಟೆ ಹಸಿದಿತ್ತು, ಎಲ್ಲರೂ ನೀರು ಕುಡಿದರು. ನನ್ನ ಪ್ರಾರ್ಥನೆಗೆ ಆಕೆ ಯಾವತ್ತೂ ಅಡ್ಡ ಬರಲಿಲ್ಲ. "ನಿನ್ನ ದೇವ್ರು, ನನ್ನ ದೇವ್ರು ಇಬ್ರೂ ಬಡದಾಡಂಗಿಲ್ಲ. ನಾವ್ಯಾಕ ಬಡದಾಡೂಣು?" ಎನ್ನುತ್ತಿದ್ದಳು. ಮಗಳು ಅಮೃತಾ ಹುಟ್ಟಿದಾಗ ಮೂರು ತಿಂಗಳಿಗೇ ನಾನು ಶಾಲೆಗೆ ಹೊರಟೆ. ಬೆಳೆಸಿದ್ದೆಲ್ಲ ಆಕೆಯೇ. ಅಮೃತಾ ಅಜ್ಜಿಯನ್ನು ಆಯಿ ಎಂದು ಕರೆದಷ್ಟು ಸಲ ನನ್ನನ್ನು ಅವ್ವ ಎಂದು ಕರೆದಿಲ್ಲ.

ಎರಡು ವರ್ಷದ ಹಿಂದೆ ನವಲಗುಂದದ ನಮ್ಮ ಸಭೆಗೆ ಹೊಸ ಪಾಸ್ಟರ್ ಬಂದರು. ಮಿಲಿಂದ ಎಂದು ಹೆಸರು, ಬೆಳಗಾವಿ ಕಡೆಯವರು, ಮೂವತ್ತರ ಒಳಗಿನ ವಯಸ್ಸು, ಮದುವೆ ಆಗಿಲ್ಲ. ಕಾಲೇಜಿನಲ್ಲಿದ್ದಾಗ ಕ್ರಿಸ್ತನ ನಂಬಿಕೆಗೆ ಬಂದವರು. ಅವರು ಒಬ್ಬರೇ ಇರುತ್ತಾರೆ ಎಂದು ಮನೆಯಲ್ಲಿ ಒಮ್ಮೆ ಹೇಳಿದ್ದೇ ತಪ್ಪಾಯಿತು. ಮರು ರವಿವಾರದಿಂದ ಅತ್ತೆ ನನ್ನ ಕೈಯಲ್ಲಿ ಒಂದು ಗಂಟು ಕೊಡುವುದಕ್ಕೆ ಶುರುಮಾಡಿದಳು. ಹತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಪಲ್ಯ. "ಏನ್ ಕುದಿಸಿಕೊಂಡು ತಿಂತೈತೋ ಏನೋ ತಾಯಿಲ್ಲದ ಕೂಸು," ಎನ್ನುತ್ತಿದ್ದಳು. ಪಾಸ್ಟರಿಗೆ ಊರಲ್ಲಿ ತಾಯಿ ಇದ್ದಾರೆ ಎಂದು ನಾನು ಎಷ್ಟು ಹೇಳಿದರೂ ಆಕೆಯ ಕಿವಿಗೆ ಹೋಗಲಿಲ್ಲ. ಎರಡು ವರ್ಷ ಒಂದು ವಾರವೂ ಆ ಗಂಟು ತಪ್ಪಲಿಲ್ಲ.

ಈ ವರ್ಷ ಜೋಳದ ಸುಗ್ಗಿಯಲ್ಲಿ ಅತ್ತೆ ತೀರಿಕೊಂಡಳು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಅವರ ಪದ್ಧತಿಯಂತೆ ನಮ್ಮದೇ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿದರು. ನಮ್ಮಲ್ಲಿ ಸತ್ತವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೂಣುತ್ತೇವೆ, ಲಿಂಗವಂತರು ಪದ್ಮಾಸನ ಹಾಕಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಅಮೃತಾ ಅಜ್ಜನ ಪಕ್ಕ ನಿಂತು ಕಣ್ಣು ಮಿಟುಕಿಸದೆ ನೋಡಿದಳು. ಆಯಿ ಯಾಕೆ ಮಲಗಿಲ್ಲ ಎಂದು ಕೇಳಿದಳು.

"ಆಯಿ ಪೂಜಾಕ್ಕ ಕುಂತಾಳವ್ವಾ," ಎಂದರು ನನ್ನ ಮಾವ ಈರಬಸಪ್ಪ. "ಹೋದ್ಲು ಅನಬಾರ್ದು, ಸತ್ಲು ಅನಬಾರ್ದು. ಶಿವನ್ನ ಕೈಯಾಗ ಹಿಡಕೊಂಡು ಕುಂತಾಳ."

ಮಣ್ಣು ಮುಚ್ಚಿದ ಮೇಲೆ ಮಾವ ಗುರುತಿಗೆ ಒಂದು ಚಪ್ಪಟೆ ಕಲ್ಲು ಇಟ್ಟರು. ಆ ಕಲ್ಲಿನ ನೇರ ಕೆಳಗೆ ಆಯಿಯ ನೆತ್ತಿ ಇದೆ ಎಂದು ಮೊಮ್ಮಗಳಿಗೆ ತೋರಿಸಿಕೊಟ್ಟರು. ಮುದುಕ ಮಗುವಿನ ಸಮಾಧಾನಕ್ಕೆ ಹೇಳಿದ ಮಾತು. ಅದು ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವರಿಗಾಗಲಿ ನನಗಾಗಲಿ ಹೇಗೆ ಗೊತ್ತಾಗಬೇಕು?

ಮೇ ಮೊದಲ ವಾರದಲ್ಲಿ ಸಭೆಯಲ್ಲಿ ಮಕ್ಕಳ ರಜಾ ಶಾಲೆ ಶುರುವಾಯಿತು. ಪ್ರತಿ ವರ್ಷ ಹತ್ತು ದಿನ ನಡೆಯುತ್ತದೆ. ಹಾಡು, ಆಟ, ಕಥೆ, ಮಧ್ಯಾಹ್ನ ಉಪ್ಪಿಟ್ಟು. ಈರೇಶನ ಗೊಬ್ಬರದ ಅಂಗಡಿ ನವಲಗುಂದದಲ್ಲೇ ಇರುವುದರಿಂದ ದಿನಾ ಅವನೇ ಬೈಕಿನಲ್ಲಿ ಕರೆದುಕೊಂಡು ಹೋಗಿ ಕರೆತರುತ್ತಿದ್ದ. ಆಯಿ ಹೋದಾಗಿನಿಂದ ಮಂಕಾಗಿದ್ದ ಹುಡುಗಿ ನಾಲ್ಕು ಮಕ್ಕಳ ಜೊತೆ ಬೆರೆತರೆ ಸರಿಹೋಗುತ್ತಾಳೆ ಎಂದುಕೊಂಡೆ. ಕೊನೆಯ ದಿನ ಬೈಬಲ್ ವಚನದ ಕಂಠಪಾಠದಲ್ಲಿ ಅಮೃತಾಳಿಗೆ ಮೊದಲ ಬಹುಮಾನ ಬಂತು. ಸ್ಟೀಲಿನ ನೀರಿನ ಬಾಟಲಿ. ಅವಳು ಬಾಟಲಿ ಹಿಡಿದು ನಿಂತ ಫೋಟೋವನ್ನು ಫೋನಿನ ಸ್ಟೇಟಸ್ಸಿಗೆ ಹಾಕಿ ಮೆರೆದೆ. ಆ ಮೆರೆದಾಟ ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದಾಗಿ ಒಂದು ವಾರದೊಳಗೆ ಮನೆಯಲ್ಲಿ ಕುಡಿಯುವ ನೀರು ಸಾಲದೆ ಬರತೊಡಗಿತು. ಮೊರಬದಲ್ಲಿ ನಮ್ಮ ಬೋರಿನ ನೀರು ಉಪ್ಪು, ಬಾಯಿಗೆ ಹಾಕುವ ಹಾಗಿಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರಬೇಕು. ಎರಡು ದಿನಕ್ಕೆ ಬರಬೇಕಾದ ಕ್ಯಾನು ಒಂದೂವರೆ ದಿನಕ್ಕೇ ಖಾಲಿ. ನನ್ನ ಅನುಮಾನ ಸೀದಾ ಲಕ್ಷ್ಮವ್ವನ ಮೇಲೆ ಹೋಯಿತು. ಲಕ್ಷ್ಮವ್ವ ಬೆಳಿಗ್ಗೆ ನಮ್ಮ ಮನೆಯ ಮುಸುರೆ ತಿಕ್ಕಿ, ಆಮೇಲೆ ಹೊಲದ ಕೂಲಿಗೆ ಹೋಗುವವಳು. ಹೋಗುವಾಗ ಕೊಡದಲ್ಲಿ ನೀರು ತುಂಬಿಕೊಳ್ಳುತ್ತಾಳೆ ಎಂದು ನಾನೇ ತೀರ್ಮಾನಿಸಿ, ಎಲ್ಲರೆದುರು ಅಂದುಬಿಟ್ಟೆ.

ಆಕೆ ಕೈತೊಳೆದುಕೊಂಡು ಎದ್ದು ನಿಂತಳು. "ಅಕ್ಕಾರ, ನಿಮ್ಮ ಮನಿ ಮುಸುರಿ ತಿಕ್ಕತೇನಿ, ಖರೆ. ನಿಮ್ಮ ಮನಿ ನೀರು ಕದಿಯೂವಷ್ಟು ಬಾಯಿ ಒಣಗಿಲ್ಲ ನನಗ," ಎಂದು ಹೇಳಿ ಹೊರಟೇಹೋದಳು. ಅಮೃತಾ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಮರುದಿನದಿಂದ ಕ್ಯಾನು ಸರಿಯಾಗಿ ಎರಡು ದಿನ ಬರತೊಡಗಿತು. ನೋಡಿದಿರಾ, ನಾನು ಹೇಳಿರಲಿಲ್ಲವಾ ಎಂದು ಈರೇಶನ ಮುಂದೆ ಬೀಗಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಅಂಗಳದಲ್ಲಿ ಯಾರೋ ನನ್ನನ್ನು ಕೂಗಿದರು. ಎರೆಮಣ್ಣು ಬಿರುಕು ಬಿಟ್ಟು ಬಾಯಿ ತೆರೆದಿರುವ ಬಿಸಿಲು ಅದು, ನಾಯಿ ಸಹ ಹೊರಗೆ ಬರುವುದಿಲ್ಲ. ಬಾಗಿಲು ತೆರೆದರೆ ಲಕ್ಷ್ಮವ್ವ. ಹೆಗಲ ಮೇಲೆ ಅಮೃತಾ. ಒಳಗೆ ಮಲಗಿದ್ದಾಳೆ ಎಂದು ನಾನು ತಿಳಿದಿದ್ದ ನನ್ನ ಮಗಳು ಕಣ್ಣು ಮೇಲಕ್ಕೆ ಮಾಡಿಕೊಂಡು, ತುಟಿ ಬಿಳಿಚಿಕೊಂಡು ಆಕೆಯ ಹೆಗಲಿಗೆ ಜೋತುಬಿದ್ದಿದ್ದಳು.

"ಬಾಜೂ ಹೊಲದಾಗ ಹತ್ತಿಕಟಗಿ ಆರಸಾಕತ್ತಿದ್ದೆ," ಎಂದಳು ಲಕ್ಷ್ಮವ್ವ ಏದುಸಿರು ಬಿಡುತ್ತ. "ದೊಡ್ಡವ್ವಾರ ಕಲ್ಲಿನ ಮ್ಯಾಲೆ ಬೋರಲ ಬಿದ್ದಿತ್ತು ಕೂಸು. ನಿಮ್ಮ ನೀರು ಎಲ್ಲಿ ಹೋಗತಿತ್ತು ಅಂತ ಕೇಳಿದ್ರಲ್ಲ ಅಕ್ಕಾರ, ತಗೋರಿ." ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸ್ಟೀಲಿನ ಬಾಟಲಿಯನ್ನು ಕಟ್ಟೆಯ ಮೇಲೆ ಇಟ್ಟಳು. ಅವತ್ತೇ ಅವಳ ಕಾಲು ಹಿಡಿಯಬೇಕಿತ್ತು ನಾನು. ಮಗುವನ್ನು ಎತ್ತಿಕೊಂಡು ಓಡಿದೆ. ಕಾಲು ಹಿಡಿದದ್ದು ಆಮೇಲೆ.

ಆಸ್ಪತ್ರೆಯಲ್ಲಿ ಸಲೈನು ಹಚ್ಚಿದರು. ಮೈಯಲ್ಲಿ ನೀರೇ ಇಲ್ಲ, ಈ ಹುಡುಗಿ ಎಷ್ಟು ದಿನದಿಂದ ನೀರು ಕುಡಿದಿಲ್ಲ ಎಂದು ಡಾಕ್ಟರು ನನ್ನನ್ನೇ ಗದರಿದರು. ಸಂಜೆ ಕಣ್ಣು ಬಿಟ್ಟವಳಿಗೆ ನಾನು ಲೋಟ ಹಿಡಿದೆ. ಎರಡು ಗುಟುಕು ಕುಡಿದು ಮುಖ ತಿರುಗಿಸಿದಳು.

"ಉಳಿದದ್ದು ಆಯಿಗೆ," ಎಂದಳು.

ಏನು ಆಯಿಗೆ ಎಂದು ಕೇಳಿದೆ. ಹೇಳುವುದೋ ಬೇಡವೋ ಎಂದು ನನ್ನ ಮುಖ ನೋಡಿ ಹೇಳಿದಳು. "ಬೆಂಕ್ಯಾಗ ಇರೋರಿಗೆ ನಾಲಿಗಿ ಒಣಗತೈತಂತವ್ವಾ. ರಜಾ ಶಾಲ್ಯಾಗ ಹೇಳಿದ ಕಥಿಯಾಗಿನ ಸಾವ್ಕಾರ ಅಳತಾನಂತ, ಬೆರಳ ತುದೀಲೆ ಒಂದು ಹನಿ ಹಾಕ್ರಿ ಅಂತ. ಯಾರೂ ಹಾಕಂಗಿಲ್ಲಂತ."

"ಆಯಿ ಬೆಂಕ್ಯಾಗ ಅದಾಳ ಅಂತ ಯಾರ ಹೇಳಿದ್ರು ನಿನಗ?"

"ನಾನ ಕೇಳಿದೆ, ನಮ್ಮ ಆಯಿ ಎಲ್ಲಿ ಅದಾಳ್ರಿ ಅಂತ. ದೀಕ್ಷಾಸ್ನಾನ ಆಗಿತ್ತೇನು ಅಂದ್ರು ಪಾಸ್ಟರ್. ಇಲ್ರಿ ಅಂದೆ. ಯೇಸುಸ್ವಾಮೀನ ನಂಬಿದ್ಲೇನು ಅಂದ್ರು. ಲಿಂಗಪೂಜಾ ಮಾಡತಿದ್ಲು ಅಂದೆ. ಹಂಗಾರ ಇಲ್ಲೇ ಅದಾಳ ನೋಡು ಅಂತ ಗ್ವಾಡಿ ಮ್ಯಾಲಿನ ಬೆಂಕಿ ಪಟದಾಗ ಬೆರಳಿಟ್ಟು ತೋರ್ಸಿದ್ರು." ಹಾಸಿಗೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದಳು. "ಆಯಿ ಕುಂತಾಳಲ್ಲ, ಕಲ್ಲಿನ ಬಾಜೂಕ ಮಣ್ಣು ಸೀಳೈತಿ. ಅಲ್ಲಿ ಹಾಕಿದ್ರ ನೆತ್ತಿ ಮ್ಯಾಲಿಂದ ಸೀದಾ ಬಾಯಿಗೆ ಇಳೀತೈತಿ. ಮೊದಲ ಕ್ಯಾನಿನ ನೀರು ಒಯ್ತಿದ್ದೆ. ನೀ ಲಕ್ಷ್ಮವ್ವಗ ಬೈದೆಲ್ಲ, ಅದಕ್ಕ ನನ್ನ ಪಾಲಿಂದ ಕೊಟ್ಟೇನಿ. ನಿಮ್ಮದು ಮುಟ್ಟಿಲ್ಲ."

ಮಂಚದ ಕಾಲಬಳಿ ಮಾವ ನಿಂತಿದ್ದರು. ನಲವತ್ತೆರಡು ವರ್ಷ ಮಹಾದೇವಕ್ಕನ ಜೊತೆ ಬಾಳುವೆ ಮಾಡಿದ ಮನುಷ್ಯ. ಅವರು ಕೂಗಾಡಿದ್ದರೆ, ನನ್ನ ಧರ್ಮವನ್ನು, ನನ್ನ ಕುಲವನ್ನು ಜಾಲಾಡಿದ್ದರೆ ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು, ಬಹಳ ಮೆತ್ತಗೆ ಕೇಳಿದರು.

"ಸೀಮಾ, ನಿಮ್ಮ ಧರ್ಮದಾಗ ಖರೇನ ಹಂಗ ಐತೇನವಾ?"

ನಾನು ಹತ್ತಾರು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವಳು. ಇಲ್ಲ ಎಂದು ಆ ಕ್ಷಣ ಎದೆ ತಟ್ಟಿ ಹೇಳಲಾಗಲಿಲ್ಲ. ಯಾಕೆಂದರೆ ಹಾಗೆ ಹೇಳುವವರು ನಮ್ಮಲ್ಲಿ ಇದ್ದಾರೆ, ಬೇಕಾದಷ್ಟು ಮಂದಿ ಇದ್ದಾರೆ, ಅವರ ಮುಂದೆ ನಾನೇ ಎಷ್ಟೋ ರವಿವಾರ ಸುಮ್ಮನೆ ಕೂತು ಎದ್ದು ಬಂದಿದ್ದೇನೆ. ಬೆಂಕಿ ಯಾರದೋ ಅತ್ತೆಗೆ, ಯಾರದೋ ತಾಯಿಗೆ ಎಂದು ಕಿವಿಗೆ ಹಾಕಿಕೊಂಡಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಸುಟ್ಟುಹೋಯಿತು.

ಆ ರಾತ್ರಿಯೆಲ್ಲ ಅಪ್ಪನ ಮಾತುಗಳನ್ನು ನೆನಪು ಮಾಡಿಕೊಂಡೆ. ಅಪ್ಪ ನರಕವನ್ನು ನಂಬದವನಲ್ಲ. ಆದರೆ ಅದರ ಬಗ್ಗೆ ಮಾತಾಡುವಾಗ ಅವನ ದನಿ ತಗ್ಗುತ್ತಿತ್ತು. ಯೇಸುಸ್ವಾಮಿ ಬೆಂಕಿಯ ಮಾತು ಎತ್ತಿದ್ದು, ತಾವಂತೂ ಅಲ್ಲಿಗೆ ಹೋಗುವುದಿಲ್ಲ ಎಂದು ಖಾತ್ರಿಯಾಗಿ ಕೂತಿದ್ದವರ ಮುಂದೆಯೇ ಹೆಚ್ಚು ಎನ್ನುತ್ತಿದ್ದ. ನರಕಕ್ಕೆ ಸ್ವಾಮಿ ಬಳಸಿದ ಹೆಸರು ಯೆರೂಸಲೇಮಿನ ಹೊರಗಿದ್ದ ಒಂದು ಕಣಿವೆಯದಂತೆ. ಹಿಂದೆ ಅಲ್ಲಿ ಜನ ದೇವರಿಗೆಂದು ತಮ್ಮ ಮಕ್ಕಳನ್ನೇ ಬೆಂಕಿಗೆ ಹಾಕುತ್ತಿದ್ದರಂತೆ. ಇಂಥದ್ದನ್ನು ನಾನು ಹೇಳಲಿಲ್ಲ, ಇದು ನನ್ನ ಮನಸ್ಸಿನಲ್ಲೂ ಬಂದಿರಲಿಲ್ಲ ಎಂದು ದೇವರು ಪ್ರವಾದಿಯ ಬಾಯಿಂದ ಹೇಳಿಸಿದನಂತೆ. ಇದನ್ನು ಹೇಳುವಾಗ ಅಪ್ಪನ ಕಣ್ಣು ಒದ್ದೆಯಾಗುತ್ತಿತ್ತು. ನಾನು ಚಿಕ್ಕವಳು, ಯಾಕೆ ಎಂದು ತಿಳಿದಿರಲಿಲ್ಲ.

ಮಾರನೆಯ ದಿನ ಶನಿವಾರ, ಅಮೃತಾಳನ್ನು ಮನೆಗೆ ಕಳಿಸಿದರು. ಆದರೆ ಹುಡುಗಿಯ ಹಟ ಬಿಡಲಿಲ್ಲ. ಲೋಟ ಕೊಟ್ಟರೆ ಎರಡೇ ಗುಟುಕು. ಬೈದೆ, ಕಣ್ಣೀರು ಹಾಕಿದೆ, ಮುದ್ದು ಮಾಡಿದೆ. ಆಯಿ ಬೆಂಕಿಯಲ್ಲಿ ಇಲ್ಲ ಎಂದು ಹತ್ತು ಸಲ ಹೇಳಿದೆ. "ನಿನಗೇನ ಗೊತ್ತು? ಪಾಸ್ಟರ್ ಹೇಳ್ಯಾರ," ಎಂದು ಗೋಡೆಗೆ ಮುಖ ಮಾಡಿದಳು. ಹೀಗೇ ಆದರೆ ಮತ್ತೆ ಸಲೈನು, ಈ ಸಲ ಹುಬ್ಬಳ್ಳಿಗೇ ಒಯ್ಯಬೇಕು ಎಂದು ಡಾಕ್ಟರು ಈರೇಶನಿಗೆ ಹೇಳಿ ಕಳಿಸಿದ್ದರು.

ರವಿವಾರ ಮಗುವನ್ನು ಮಾವನ ಹತ್ತಿರ ಬಿಟ್ಟು ನಾನೊಬ್ಬಳೇ ನವಲಗುಂದಕ್ಕೆ ಬಸ್ಸು ಹತ್ತಿದೆ. ಬೇಕೆಂದೇ ಆರಾಧನೆ ಮುಗಿಯುವ ಹೊತ್ತಿಗೆ ಹೋದೆ. ಜನ ಹೋದ ಮೇಲೆ ಪಾಸ್ಟರ್ ಮಿಲಿಂದ ಒಬ್ಬರೇ ಜಮಖಾನೆ ಮಡಚುತ್ತಿದ್ದರು. ಆ ಪಟ ಇನ್ನೂ ಗೋಡೆಯ ಮೇಲಿತ್ತು. ಮೇಲೆ ಕಿರಿದಾದ ದಾರಿ, ಬೆಳಕು. ಕೆಳಗೆ ಅಗಲವಾದ ದಾರಿ, ಕೆಂಪು ಬೆಂಕಿ, ಬೆಂಕಿಯೊಳಗೆ ಕೈ ಎತ್ತಿದ ಪುಟ್ಟ ಪುಟ್ಟ ಮನುಷ್ಯರು. ಮಕ್ಕಳ ಕಣ್ಣಿಗೆ ಸರಿಯಾಗಿ ಕಾಣಲಿ ಎಂದು ಕೆಳಗೇ ತೂಗುಹಾಕಿದ್ದರು.

"ಸಿಸ್ಟರ್, ಅಮೃತಾ ಹೆಂಗದಾಳ? ಈರೇಶಣ್ಣ ಹೇಳಿದ್ರು, ಭಾಳ ನೋವಾತು. ಪ್ರಾರ್ಥನಾ ಮಾಡಾಕತ್ತೇನಿ," ಎಂದರು.

"ಪ್ರಾರ್ಥನಾ ಆಮ್ಯಾಲೆ ಮಾಡ್ರಿ. ನಮ್ಮ ಅತ್ತಿ ಎಲ್ಲಿ ಅದಾಳ, ಅದನ್ನ ಹೇಳ್ರಿ ಮೊದಲ."

ಅವರು ಜಮಖಾನೆ ಕೆಳಗಿಟ್ಟರು. "ಕೂಸು ಅಷ್ಟು ಮನಸ್ಸಿಗೆ ಹಚ್ಚಕೋತೈತಿ ಅಂತ ತಿಳೀಲಿಲ್ಲ. ಆದ್ರ ನಾ ನನ್ನ ಸ್ವಂತ ಮಾತು ಒಂದೂ ಹೇಳಿಲ್ಲ ಸಿಸ್ಟರ್. ದೇವರ ವಾಕ್ಯದಾಗ ಇದ್ದದ್ದು ಹೇಳೇನಿ."

"ವಾಕ್ಯದಾಗ ಆ ಸಾವ್ಕಾರ ಯಾಕ ಬೆಂಕಿಗೆ ಬಿದ್ದಾ? ದೀಕ್ಷಾಸ್ನಾನ ಆಗಿರಲಿಲ್ಲ ಅಂತೇನ್ರಿ? ಬಾಗಲಾಗ ಹುಣ್ಣು ಹತ್ತಿ ಬಿದ್ದ ಭಿಕ್ಷುಕಗ ಒಂದು ತುತ್ತು ಹಾಕಲಿಲ್ಲಂತ ಬಿದ್ದಾ. ಎರಡು ವರ್ಷ ನಮ್ಮ ಅತ್ತಿ ರೊಟ್ಟಿ ತಿಂದೀರಿ ನೀವು. ಯಾ ಜಾತಿ, ಯಾ ದೇವ್ರು ಅಂತ ಒಂದ ದಿನಾ ಕೇಳಿದ್ಲೇನು? ಆ ಕಥಿಯಾಗ ಆಕಿ ಯಾ ಕಡೆ ಇರಬೇಕು, ನೀವ ಹೇಳ್ರಿ."

ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಅಲ್ಲವೇ? ಆ ಮಾತೂ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರ ಮುಖ ಕೆಂಪಾಯಿತು. ಆದರೂ ಬಿಡಲಿಲ್ಲ. "ಮಹಾದೇವಕ್ಕಾರು ಭಾಳ ಒಳ್ಳೇವ್ರು. ಆದ್ರ ಒಳ್ಳೇತನದಿಂದ ರಕ್ಷಣಾ ಸಿಗಂಗಿಲ್ಲ ಸಿಸ್ಟರ್, ಕೃಪಾದಿಂದ ಸಿಗತೈತಿ. ನಿಮ್ಮ ತಂದೆಯವ್ರೂ ಇದನ್ನ ಕಲಿಸಿರಬೇಕು."

"ಕೃಪಾ ಯಾರ ಕೈಯಾಗ ಐತ್ರಿ? ದೇವರ ಕೈಯಾಗೋ, ನಿಮ್ಮ ಕೈಯಾಗೋ? ಯಾರಿಗೆ ಸಿಕ್ಕೈತಿ, ಯಾರಿಗೆ ಸಿಕ್ಕಿಲ್ಲ ಅಂತ ನೀವ ಹಾಜರಿ ತಗೊಂಡೀರೇನು? ಮಕ್ಕಳನ್ನ ಬೆಂಕಿಗೆ ಹಾಕೋದು ನನ್ನ ಮನಸ್ಸಿನಾಗೂ ಬಂದಿಲ್ಲ ಅಂದ ದೇವ್ರು, ನಮ್ಮ ಅತ್ತೀನ ಬೆಂಕ್ಯಾಗ ಕುಂದ್ರಿಸಿ ನೋಡಕೋತ ಇರತಾನೇನ್ರಿ? ವಾರಾ ವಾರಾ ಎದ್ದು ನಿಂತು ವಿಶ್ವಾಸಪ್ರಮಾಣ ಹೇಳತೇವಿ. ಸ್ವಾಮಿ ಸತ್ತಾ, ಹೂಣಿಟ್ರು, ಪಾತಾಳಕ್ಕ ಇಳದಾ ಅಂತ ಹೇಳತೇವಿ. ಯಾಕ ಇಳದಾ? ಊರು ನೋಡಾಕ ಹೋಗಿದ್ನೇನು? ಅಲ್ಲಿ ಬಿದ್ದವ್ರನ್ನ ಎಬ್ಬಸಾಕ ಹೋದಾ ಅಂತ ನಮ್ಮಪ್ಪ ಹೇಳತಿದ್ದಾ."

ನನ್ನ ದನಿ ಬೀದಿಗೆ ಕೇಳಿಸಿರಬೇಕು, ಎದುರಿನ ಅಂಗಡಿಯವರು ಇಣುಕಿ ನೋಡಿದರು. ನೋಡಲಿ. ಪಾಸ್ಟರ್ ತಮ್ಮ ಪುಸ್ತಕ ತೆರೆಯಲು ಕೈ ಹಾಕಿದರು. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು.

"ನನಗ ವಚನ ತೋರಿಸಬ್ಯಾಡ್ರಿ. ನಾನೂ ನಾಕು ಓದೇನಿ, ನೀವು ಒಂದು ತೋರ್ಸಿದ್ರ ನಾ ಒಂದು ತೋರ್ಸತೇನಿ, ಸಂಜೀ ಆಗತೈತಿ. ನನ್ನ ಮಗಳು ನೀರು ಕುಡೀವಲ್ಲಳು. ನನ್ನ ಮಾತು ನಂಬವಲ್ಲಳು, ನಿಮ್ಮದ ನಂಬತಾಳ. ಬಂದು ಆಕಿಗೆ ಹೇಳ್ರಿ, ನಿಮ್ಮ ಆಯಿ ಬೆಂಕ್ಯಾಗ ಇಲ್ಲ ಅಂತ."

ಅವರು ಪುಸ್ತಕದಿಂದ ಕೈ ತೆಗೆದರು. "ಬರತೇನಿ. ಆದ್ರ ಕೂಸಿನ ಮುಂದ ಸುಳ್ಳು ಹೇಳಾಕ ಆಗಂಗಿಲ್ಲ ನನಗ," ಎಂದರು.

ಸುಳ್ಳು! ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷದ ಕೂಸಿಗೆ ಬೆಂಕಿ ತೋರಿಸುವಾಗ ಇಲ್ಲದ ಹಿಂಜರಿಕೆ ನೀರು ಕುಡಿ ಎಂದು ಹೇಳುವಾಗ ಬಂತು. ಇನ್ನೊಂದು ಮಾತು ಆಡಿದರೆ ಕೈ ಮಾಡುತ್ತೇನೆ ಎನಿಸಿ ಹೊರಟು ಬಂದೆ.

ಸೋಮವಾರ ಸಂಜೆ ಐದರ ಹೊತ್ತಿಗೆ ಪಾಸ್ಟರ್ ಬೈಕಿನಲ್ಲಿ ಮೊರಬಕ್ಕೆ ಬಂದರು. ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಆ ಹೊತ್ತಿಗೆ ಅಮೃತಾ ಮನೆಯಲ್ಲಿರಲಿಲ್ಲ. ಆಯಿಯ ಹತ್ತಿರ ಹೋಗಬೇಕೆಂದು ಬೆಳಗಿನಿಂದ ಅತ್ತು ಕರೆದು, ಕೊನೆಗೆ ಮಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗಿದ್ದರು. ನಾನು ಪಾಸ್ಟರನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಹರಗಿ ಬಿಟ್ಟ ಹೊಲ, ಕಣ್ಣು ಹಾಯುವ ತನಕ ಕಪ್ಪು ಮಣ್ಣು. ಬದುವಿನ ಹತ್ತಿರ ಮಾವ ಕೂತಿದ್ದರು. ಅಮೃತಾ ಕಲ್ಲಿನ ಪಕ್ಕ ಕೂತು ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಪಾಸ್ಟರನ್ನು ನೋಡಿ ಎದ್ದು ನಿಂತು, ರಜಾ ಶಾಲೆಯಲ್ಲಿ ಕಲಿಸಿದ ಹಾಗೆ ಕೈಮುಗಿದಳು. ಆ ತುಟಿ ನೋಡಿದ ಮೇಲೆ ಅವರ ಕಾಲು ಮುಂದಕ್ಕೆ ಬರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

"ಅಮೃತಾ, ನೀರು ಕುಡೀಬೇಕವ್ವಾ," ಎಂದರು.

"ಆಯಿಗೆ ಸಾಲಂಗಿಲ್ರಿ. ಮಣ್ಣು ಎಷ್ಟ ಹಾಕಿದ್ರೂ ಕುಡೀತೈತಿ."

"ಇಲ್ಲಿಂದ ಹಾಕಿದ ನೀರು ಅಲ್ಲಿಗೆ ಮುಟ್ಟಂಗಿಲ್ಲ ಕೂಸ."

ಅವಳ ಮುಖ ಸಣ್ಣದಾಯಿತು. ಆಯಿ ಅಲ್ಲಿ ಇಲ್ಲ ಎಂದು ಹೇಳಿ ಎಂದು ನಾನು ಕಣ್ಣಿನಲ್ಲೇ ಅವರನ್ನು ಇರಿದೆ. ಅವರು ನನ್ನ ಕಡೆ ನೋಡಲಿಲ್ಲ. ಕೈಯಲ್ಲಿ ಒಂದು ಮಣ್ಣಿನ ಹೆಂಟೆ ಹಿಡಿದು ಹಿಸುಕುತ್ತ, ಮಗುವಿಗೆ ಸಮಾಧಾನವಾಗಲಿ ಎಂದೋ, ತಮಗೇ ತಡೆಯಲಾರದೆಯೋ, ಹೇಳಿಬಿಟ್ಟರು.

"ನಿನಗೊಬ್ಬಾಕಿಗ ಅಲ್ಲ ಅಮೃತಾ ಈ ಸಂಕಟ. ನಮ್ಮಪ್ಪನೂ ನಂಬಲಾರದ ಸತ್ತಾ. ನಾ ಹೇಳೂದ್ರಾಗ ಹೋಗಿಬಿಟ್ಟಾ. ಅಂವನೂ ಅಲ್ಲೇ ಅದಾನ. ದಿನಾ ನೆನಸತೇನಿ."

ಪಾಪ ಎನಿಸಿದ್ದು ನಿಜ. ಹಾಗೆಂದು ಸಿಟ್ಟು ಇಳಿಯಿತು ಎಂದು ತಿಳಿಯಬೇಡಿ. ಇನ್ನೂ ಏರಿತು. ಸ್ವಂತ ಅಪ್ಪನನ್ನು ಬೆಂಕಿಯಲ್ಲಿಟ್ಟುಕೊಂಡು ಈ ಹುಡುಗ ದಿನಾ ಹೇಗೆ ನಿದ್ದೆ ಮಾಡುತ್ತಾನೆ? ಇವನಿಗೆ ಇದನ್ನು ಕಲಿಸಿದವರು ಯಾರು? ಅವರಿಗೆ ಅಪ್ಪ ಅಮ್ಮ ಇರಲಿಲ್ಲವೇ?

ಅಮೃತಾ ಅವರನ್ನು ಬೆರಗಾಗಿ ನೋಡಿದಳು. "ನಿಮ್ಮಪ್ಪಗ ನೀವು ನೀರು ಕೊಟ್ಟಿಲ್ಲೇನ್ರಿ?"

"ಇಲ್ಲ."

"ಒಂದ ಸಲಾನೂ?"

ಪಾಸ್ಟರ್ ತಲೆ ಅಲ್ಲಾಡಿಸಿದರು. ಅಮೃತಾ ಬಾಟಲಿಯನ್ನು ಅವರ ಮುಂದೆ ಹಿಡಿದಳು. "ಇದ್ರಾಗ ಅರ್ಧಾ ತಗೋರಿ. ನಿಮ್ಮಪ್ಪನ್ನ ಎಲ್ಲಿ ಮಣ್ಣ ಮಾಡೀರಿ?"

"ಮಣ್ಣ ಮಾಡಿಲ್ಲವ್ವಾ. ನಮ್ಮ ಮನಿತನದಾಗ ಸುಡತಾರ. ಸುಟ್ಟು ಬೂದಿ ಹೊಳಿಗೆ ಬಿಟ್ಟೇವಿ."

ಅವಳು ಚಾಚಿದ ಕೈ ಹಾಗೇ ನಿಂತಿತು. ಹುಬ್ಬು ಗಂಟಿಕ್ಕಿಕೊಂಡು ಬಹಳ ಹೊತ್ತು ಲೆಕ್ಕ ಹಾಕಿದಳು.

"ಇಲ್ಲೊಮ್ಮೆ ಸುಟ್ಟಾರ. ಮತ್ತ ಅಲ್ಲೂ ಸುಡತಾರೇನ್ರಿ?"

ಪಾಸ್ಟರ್ ಮಿಲಿಂದ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು, ಕೈಯೊಳಗಿನ ಕಪ್ಪು ಮಣ್ಣು ಹಣೆಗೆ ಮೆತ್ತಿತು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ಅಮೃತಾ ಎಂದೂ ನೋಡಿರಲಿಲ್ಲ. ಅಜ್ಜನ ಹತ್ತಿರಕ್ಕೆ ಸರಿದು ನಿಂತಳು.

"ನನಗ ಗೊತ್ತಿಲ್ಲ," ಎಂದರು ಅವರು ಕೈಯೊಳಗಿಂದಲೇ. "ಗೊತ್ತಿಲ್ಲ ಅಮೃತಾ. ನಮ್ಮಪ್ಪ ಎಲ್ಲಿ ಅದಾನೋ ನನಗ ಗೊತ್ತಿಲ್ಲ. ನಿಮ್ಮ ಆಯಿ ಎಲ್ಲಿ ಅದಾಳೋ ಅದೂ ಗೊತ್ತಿಲ್ಲ."

ಗಾಳಿ ಇರಲಿಲ್ಲ. ಅಮೃತಾ ಕಲ್ಲನ್ನು ನೋಡಿದಳು, ಅವರನ್ನು ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗಟಗಟನೆ ಕುಡಿಯತೊಡಗಿದಳು. ನಡುವೆ ಉಸಿರು ತೆಗೆದುಕೊಂಡು ಮತ್ತೆ ಕುಡಿದಳು. ಗದ್ದದಿಂದ ಇಳಿದ ನೀರು ಅಂಗಿಯನ್ನೆಲ್ಲ ತೋಯಿಸಿತು. ನನಗೆ ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಕುಡಿಯುವುದನ್ನು ನಿಲ್ಲಿಸಿಬಿಟ್ಟಾಳು ಎಂದು ಹೆದರಿ ನಿಂತಲ್ಲೇ ನಿಂತೆ.

ಪೂರ್ತಿ ಕುಡಿದು ಮುಗಿಸಿ ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಅವಳ ಕಣ್ಣಿನಲ್ಲಿ ಅಳು ಇರಲಿಲ್ಲ. ನನ್ನ ಮುಖದಲ್ಲಿ ಬರುವ ಸಿಟ್ಟೇ ಅವಳ ಮುಖದಲ್ಲೂ ಬಂದಿತ್ತು.

"ಗೊತ್ತಿಲ್ಲಂದ್ರ ಮತ್ತ ಯಾಕ ಹೇಳಿದ್ರಿ?"

ಪಾಸ್ಟರ್ ಮುಖದಿಂದ ಕೈ ತೆಗೆಯಲಿಲ್ಲ. ಮಾವ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಅವರ ಕಡೆ ತಿರುಗಿದರು.

"ಕೂಸು ಕೇಳಾಕತ್ತೈತ್ರಿ," ಎಂದರು. "ಹೇಳ್ರಿ."